ಪರಸ್ಥಳದ ಅನ್ನ: ಪಂಡಿತಾ ರಮಾಬಾಯಿಯವರ ವಿದ್ಯಾರ್ಥಿದೆಶೆ

ತಾಯ್ನಾಡಿನ ಹಂಬಲವನ್ನು ಪಂಪನಷ್ಟು ಗಾಢವಾಗಿ ನುಡಿದ ಕವಿಗಳು ಕನ್ನಡದಲ್ಲಿ ವಿರಳ. ಆದರೂ ಅವನ ಅರ್ಜುನನು ಬನವಾಸಿಯನ್ನು ನೆನೆಯುವಾಗ ಗಾಳಿ, ಹೂವು, ಹಾಡು, ಗೋಷ್ಠಿಗಳು ಬರುತ್ತವೆಯೇ ಹೊರತು ಬನವಾಸಿಯ ಅನ್ನ ಬರುವುದಿಲ್ಲ. ಹಾಗೆಂದ ಮಾತ್ರಕ್ಕೆ ನಮ್ಮ ಸಾಹಿತ್ಯಕ್ಕೆ ಅಡುಗೆಮನೆಯ ಪರಿಚಯವಿರಲಿಲ್ಲವೆಂದಲ್ಲ. ಇಮ್ಮಡಿ ಚಾವುಂಡರಾಯನ ಲೋಕೋಪಕಾರದಲ್ಲಿ ಪಾಕಕ್ಕೆ ಪ್ರತ್ಯೇಕ ಅಧ್ಯಾಯವಿದೆ. ಮೂರನೆಯ ಮಂಗರಸನು ಸೂಪಶಾಸ್ತ್ರವೆಂಬ ಇಡಿಯ ಗ್ರಂಥವನ್ನೇ ರಚಿಸಿದ್ದಾನೆ. ಊರು ಬಿಟ್ಟವನ ನಾಲಗೆಯ ನೆನಪು ಮಾತ್ರ ಬಹುಕಾಲ ಬರವಣಿಗೆಯ ವಸ್ತುವಾಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಿದ್ಯಾರ್ಥಿಗಳು ಕಡಲು ದಾಟತೊಡಗಿದ ಮೇಲೆ, ಪರದೇಶದಲ್ಲಿ ಏನನ್ನು ಉಣ್ಣಬೇಕು, ಏನನ್ನು ಬಿಡಬೇಕು ಎಂಬುದು ಧರ್ಮ, ಜಾತಿ, ಸ್ವಾಭಿಮಾನಗಳೆಲ್ಲವನ್ನೂ ಒಳಗೊಂಡ ಪ್ರಶ್ನೆಯಾಯಿತು. ಆ ಪ್ರಶ್ನೆಯನ್ನು ಅತ್ಯಂತ ಇಕ್ಕಟ್ಟಿನ ಸ್ಥಿತಿಯಲ್ಲಿ ಎದುರಿಸಿದವರು ಕನ್ನಡ ನೆಲದಲ್ಲಿ ಹುಟ್ಟಿದ ಒಬ್ಬ ಮಹಿಳೆ, ಪಂಡಿತಾ ರಮಾಬಾಯಿಯವರು. ಅವರ ಸಮಾಜಕಾರ್ಯವನ್ನೂ ಮತಾಂತರವನ್ನೂ ಕುರಿತು ಸಾಕಷ್ಟು ಬರೆಯಲಾಗಿದೆ. ಅವರ ಬದುಕನ್ನು ಅನ್ನದ ಕಡೆಯಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ರಮಾಬಾಯಿಯವರು 23 ಏಪ್ರಿಲ್ 1858ರಂದು ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಜನಿಸಿದರು. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಈ ಕಾಡು ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಸೇರಿದೆ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕರಾವಳಿಯ ಮಾಳ ಸೀಮೆಯ ಚಿತ್ಪಾವನ ಮನೆತನದವರು. ಪುಣೆಯಲ್ಲಿ ಸಂಸ್ಕೃತವನ್ನು ಓದಿ, ಮೈಸೂರಿನ ಆಸ್ಥಾನದಲ್ಲಿ ಕೆಲವು ವರ್ಷ ಇದ್ದು ಬಂದವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದ್ದಕ್ಕಾಗಿ ಸ್ವಜನರ ವಿರೋಧವನ್ನು ಎದುರಿಸಿ, ಉಡುಪಿಯ ಪಂಡಿತರ ಮುಂದೆ ತಮ್ಮ ನಡತೆಯನ್ನು ಶಾಸ್ತ್ರಾಧಾರದಿಂದ ಸಮರ್ಥಿಸಿಕೊಂಡರೆಂದು ಚರಿತ್ರಕಾರರು ಹೇಳುತ್ತಾರೆ. ಊರಿನ ಗೊಡವೆಯೇ ಬೇಡವೆಂದು ಅವರು ಕಾಡಿನಲ್ಲಿ ಮನೆ ಕಟ್ಟಿದರು. ಆದರೆ ಗಂಗಾಮೂಲವು ಯಾತ್ರಾಸ್ಥಳ. ಬಂದ ಯಾತ್ರಿಕರಿಗೆ, ಮನೆಯಲ್ಲಿದ್ದು ಓದುವ ಶಿಷ್ಯರಿಗೆ ಅನ್ನವಿಕ್ಕುವುದು ಗೃಹಸ್ಥಧರ್ಮವೆಂದು ನಂಬಿದ ಶಾಸ್ತ್ರಿಗಳು ಇಕ್ಕುತ್ತಲೇ ಹೋದರು. ಇದ್ದ ಆಸ್ತಿ ಕರಗಿತು, ಸಾಲ ಬೆಳೆಯಿತು, ಕೊನೆಗೆ ಮನೆಯನ್ನೇ ಬಿಡಬೇಕಾಯಿತು. ಆರು ತಿಂಗಳ ಕೂಸಾಗಿದ್ದ ರಮೆಯನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಘಟ್ಟದಿಂದ ಇಳಿಸಿಕೊಂಡು ಹೋದರು. ಹೀಗೆ ಈ ಮಗು ಕಳೆದುಕೊಂಡ ಮೊದಲ ಮನೆ ಅನ್ನದಾನದಿಂದಲೇ ಕಳೆದದ್ದು.

ಅಲ್ಲಿಂದ ಮುಂದಿನ ಹದಿನಾರು ವರ್ಷ ಈ ಕುಟುಂಬಕ್ಕೆ ನೆಲೆಯೆಂಬುದಿರಲಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುವುದು, ದೇವಾಲಯದ ಜಗುಲಿಯಲ್ಲೋ ನದಿಯ ಮೆಟ್ಟಿಲ ಮೇಲೋ ಕುಳಿತು ಪುರಾಣವನ್ನು ಓದುವುದು, ಕೇಳುಗರು ಇಟ್ಟುಹೋದ ಹಣ್ಣು, ಧಾನ್ಯ, ಕಾಸುಗಳಿಂದ ದಿನ ಕಳೆಯುವುದು, ಇಷ್ಟೇ ಅವರ ಜೀವನಕ್ರಮ. ತಾಯಿಯೇ ರಮೆಗೆ ಗುರು. ನಸುಕಿನಲ್ಲಿ ಎಬ್ಬಿಸಿ ಪಾಠ ಹೇಳುತ್ತಿದ್ದರು. ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಬಾಲ್ಯದಲ್ಲಿಯೇ ಬಾಯಿಗೆ ಬಂದವು. ಮನೆಮಾತು ಮರಾಠಿಯ ಜೊತೆಗೆ ಕನ್ನಡ, ಹಿಂದೂಸ್ಥಾನಿ, ಮುಂದೆ ಬಂಗಾಳಿ, ಇವೆಲ್ಲ ದಾರಿಯಲ್ಲಿ ಕೂಡಿಬಂದ ಭಾಷೆಗಳು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಇಂಥ ಮಗುವಿಗೆ ತನ್ನೂರಿನ ತಿಂಡಿಯೆಂದು ನೆನೆಯಲು ಯಾವುದೂ ಇರಲಿಲ್ಲ. ಊರು ದಿನಕ್ಕೊಂದು ಬದಲಾಗುತ್ತಿತ್ತು. ಬದಲಾಗದೆ ಉಳಿದದ್ದು ತಾಯಿ ಒಲೆ ಹೂಡುವ ರೀತಿ, ತಟ್ಟೆಗೆ ಏನು ಬರಬಹುದು, ಏನು ಬರಬಾರದು ಎಂಬ ಕಟ್ಟಳೆ.

1870ರ ದಶಕದ ಕ್ಷಾಮ ಆ ಒಲೆಯನ್ನೂ ಆರಿಸಿತು. ಪುರಾಣ ಕೇಳುವವರ ಕೈಯಲ್ಲಿಯೇ ಕಾಳಿಲ್ಲದಾಗ ಪೌರಾಣಿಕನಿಗೆ ಕೊಡುವವರು ಯಾರು? ಕೂಲಿ ಮಾಡಿ ಅಭ್ಯಾಸವಿಲ್ಲ, ಬೇಡುವುದಕ್ಕೆ ಅಭಿಮಾನ ಬಿಡದು. ಪಾತ್ರೆ, ಬಟ್ಟೆ, ಕಡೆಗೆ ಇದ್ದಬದ್ದುದನ್ನೆಲ್ಲ ಮಾರಿ ತಿಂದು, ತಿರುಪತಿಯ ಆಸುಪಾಸಿನ ಕಾಡನ್ನು ಸೇರಿ, ಹನ್ನೊಂದು ದಿನ ನೀರು, ಎಲೆ, ಒಂದಷ್ಟು ಕಾಡುಹಣ್ಣುಗಳ ಮೇಲೆ ಜೀವ ಹಿಡಿದರು. ಕುರುಡರಾಗಿದ್ದ ಶಾಸ್ತ್ರಿಗಳು 1874ರಲ್ಲಿ ತೀರಿಕೊಂಡರು. ಕೆಲವೇ ದಿನಗಳಲ್ಲಿ ತಾಯಿಯೂ ಹಾಸಿಗೆ ಹಿಡಿದರು. ಈ ಸಂದರ್ಭವನ್ನು ರಮಾಬಾಯಿಯವರು ಮುಂದೆ ಬರೆದಿಟ್ಟಿದ್ದಾರೆ. ಜ್ವರದ ತಾಪದಲ್ಲಿ ತಾಯಿ ಸಜ್ಜೆಯ ರೊಟ್ಟಿಯ ಒಂದು ಚೂರನ್ನು ಬಯಸಿದರು. ಹದಿನಾರರ ಮಗಳು ಮನಸ್ಸಿಲ್ಲದ ಮನಸ್ಸಿನಿಂದ ನೆರೆಯ ಗೃಹಿಣಿಯೊಬ್ಬರ ಬಾಗಿಲಿಗೆ ಹೋದಳು. ಬೇಡುವ ಮಾತು ಗಂಟಲಿನಿಂದ ಹೊರಡಲಿಲ್ಲ, ಕಣ್ಣೀರು ಮಾತ್ರ ಹರಿಯಿತು. ಮುಖವನ್ನು ನೋಡಿ ತಿಳಿದುಕೊಂಡ ಆ ಗೃಹಿಣಿ ಒಂದು ಚೂರನ್ನು ಕೊಟ್ಟರು. ಓಡಿ ಬಂದು ತಾಯಿಯ ಕೈಗಿತ್ತರೆ ಅದನ್ನು ಅಗಿಯುವ ಶಕ್ತಿಯೇ ಆಕೆಯಲ್ಲಿ ಉಳಿದಿರಲಿಲ್ಲ. ಆಕೆಯೂ ಹೋದರು, ಅಕ್ಕನೂ ಹೋದಳು. ಉಳಿದವರು ರಮೆ ಮತ್ತು ಅಣ್ಣ ಶ್ರೀನಿವಾಸ.

ಇಬ್ಬರೂ ಉತ್ತರಾಭಿಮುಖವಾಗಿ ನಾಲ್ಕು ಸಾವಿರ ಮೈಲಿಗಳಷ್ಟು ನಡೆದರೆಂದು ಲೆಕ್ಕ. ನೀರಿನಲ್ಲಿ ನೆನೆಸಿ ಉಪ್ಪು ಬೆರೆಸಿದ ಒಂದು ಹಿಡಿ ಕಾಳು ಸಿಕ್ಕಿದ ದಿನ ಹಬ್ಬ. ಚಳಿ ತಡೆಯಲಾರದೆ ನದೀತೀರದ ಮರಳಿನಲ್ಲಿ ಗುಂಡಿ ತೋಡಿ ಕುತ್ತಿಗೆಯವರೆಗೆ ಹೂತುಕೊಂಡು ಮಲಗಿದ್ದೂ ಉಂಟು. 1878ರಲ್ಲಿ ಕಲ್ಕತ್ತೆಯನ್ನು ತಲುಪಿದಾಗ ಅಲ್ಲಿಯ ವಿದ್ವಾಂಸರು ಈ ಯುವತಿಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. ಆ ದಿನಗಳಲ್ಲಿಯೇ ಅಣ್ಣತಂಗಿಯರು ಕ್ರೈಸ್ತರ ಒಂದು ಕೂಟಕ್ಕೆ ಆಹ್ವಾನಿತರಾದರು. ಬಂಗಾಳದ ಸ್ವದೇಶೀಯರು ಇಂಗ್ಲಿಷರೊಡನೆ ಒಂದೇ ಕಡೆ ಕುಳಿತು ಚಹಾ, ಬಿಸ್ಕತ್ತು ಸೇವಿಸುವುದನ್ನು ಕಂಡು ಕಲಿಯುಗ ಬಂದೇಬಿಟ್ಟಿತೆಂದು ಅವರು ಭಾವಿಸಿದರಂತೆ. ತಾವು ಏನನ್ನೂ ಮುಟ್ಟಲಿಲ್ಲ. ಐದೇ ವರ್ಷಗಳಲ್ಲಿ ಅದೇ ರಮಾಬಾಯಿಯವರು ಇಂಗ್ಲೆಂಡಿನ ಕ್ರೈಸ್ತ ಸಂನ್ಯಾಸಿನಿಯರ ಮಠದಲ್ಲಿ ವಾಸಮಾಡುವವರಿದ್ದರು.

ನಡುವಿನ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳಬಹುದು. 1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ಅನ್ಯಜಾತಿಯ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ವಿವಾಹವಾಯಿತು; 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು; 1882ರ ಫೆಬ್ರವರಿಯಲ್ಲಿ ಪತಿ ಕಾಲರಾಕ್ಕೆ ಬಲಿಯಾದರು. ಪುಣೆಗೆ ಬಂದ ರಮಾಬಾಯಿಯವರು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು, ಹಂಟರ್ ಶಿಕ್ಷಣ ಆಯೋಗದ ಮುಂದೆ ಸ್ತ್ರೀಶಿಕ್ಷಣದ ಪರವಾಗಿ ಸಾಕ್ಷ್ಯ ನುಡಿದರು, ಸ್ತ್ರೀಧರ್ಮನೀತಿ ಎಂಬ ಪುಸ್ತಕವನ್ನು ಮರಾಠಿಯಲ್ಲಿ ಬರೆದರು. ವೈದ್ಯವಿದ್ಯೆಯನ್ನು ಕಲಿಯುವ ಆಸೆಯಿಂದ ಆ ಪುಸ್ತಕದ ಮಾರಾಟದ ಹಣವನ್ನು ಸೇರಿಸಿಕೊಂಡು 1883ರ ಏಪ್ರಿಲ್ 20ರಂದು ಮಗಳು ಮತ್ತು ಗೆಳತಿ ಆನಂದಿಬಾಯಿ ಭಗತರೊಡನೆ ಹಡಗು ಹತ್ತಿದರು.

ವಾಂಟೇಜ್ ಎಂಬ ಊರಿನ ಸೇಂಟ್ ಮೇರಿ ಮಠದಲ್ಲಿ ವಾಸದ ಏರ್ಪಾಡಾಗಿತ್ತು. ಅಲ್ಲಿಯ ಊಟ, ವಸತಿಗಳನ್ನು ರಮಾಬಾಯಿಯವರು ದಾನವಾಗಿ ಪಡೆಯಲಿಲ್ಲ. ಭಾರತಕ್ಕೆ ಹೊರಡಲಿದ್ದ ಸಿಸ್ಟರುಗಳಿಗೆ ಮರಾಠಿಯನ್ನು ಕಲಿಸುವುದು, ಅದಕ್ಕೆ ಪ್ರತಿಯಾಗಿ ಊಟ, ವಸತಿ, ಇಂಗ್ಲಿಷ್ ಪಾಠ, ಇದು ಒಪ್ಪಂದ. ತಾಯಿಗಾಗಿ ಒಂದು ಚೂರು ರೊಟ್ಟಿ ಬೇಡಲು ಗಂಟಲು ಕಟ್ಟಿದವಳು ಹಂಗಿನ ಅನ್ನವನ್ನು ಉಣ್ಣಲಾರಳೆಂಬುದು ಸಹಜವೇ. ಬಂದ ವರ್ಷವೇ ಎರಡು ಘಟನೆಗಳು ನಡೆದವು. ಸೆಪ್ಟೆಂಬರಿನಲ್ಲಿ ಆನಂದಿಬಾಯಿ ಭಗತರು ಮನಸ್ಸಿನ ಸ್ಥಿಮಿತ ತಪ್ಪಿ ಆತ್ಮಹತ್ಯೆ ಮಾಡಿಕೊಂಡರು. ತಿಂಗಳ ಕೊನೆಗೆ, 29ರಂದು, ರಮಾಬಾಯಿಯವರೂ ಮಗಳೂ ಕ್ರೈಸ್ತದೀಕ್ಷೆಯನ್ನು ಪಡೆದರು. ಕಿವಿ ಮಂದವಾಗುತ್ತ ಬಂದುದರಿಂದ ವೈದ್ಯವಿದ್ಯೆಯ ಆಸೆಯನ್ನು ಕೈಬಿಡಬೇಕಾಯಿತು. 1884ರಿಂದ 1886ರವರೆಗೆ ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಡೊರೊಥಿಯಾ ಬೀಲ್ ಅವರ ಆಶ್ರಯದಲ್ಲಿ ಓದು ಸಾಗಿತು.

ದೀಕ್ಷೆ ಕೊಟ್ಟವರಿಗೆ ಒಗಟಾದದ್ದು ಈ ಶಿಷ್ಯೆಯ ತಟ್ಟೆ. ಕ್ರೈಸ್ತಳಾದ ಮೇಲೂ ರಮಾಬಾಯಿಯವರು ಮಾಂಸವನ್ನು ಮುಟ್ಟಲಿಲ್ಲ, ಮೊಟ್ಟೆಯನ್ನೂ ಮುಟ್ಟಲಿಲ್ಲ. ಇಂಗ್ಲಿಷರ ಅಡುಗೆಯಲ್ಲಿ ಮೊಟ್ಟೆಯಿಲ್ಲದ ಸಿಹಿತಿಂಡಿಯೇ ಅಪರೂಪ. ಆದ್ದರಿಂದ ಅವರು ಪುಡಿಂಗನ್ನೂ ನಿರಾಕರಿಸುತ್ತಿದ್ದರು. ಧರ್ಮಮಾತೆಯ ಸ್ಥಾನದಲ್ಲಿದ್ದ ಸಿಸ್ಟರ್ ಜೆರಾಲ್ಡಿನ್ ಅವರಿಗೆ ಇದು ಅಳಿಯದೆ ಉಳಿದ ಬ್ರಾಹ್ಮಣ್ಯದ ಗರ್ವವಾಗಿ ಕಂಡಿತು. ವಿನಯವನ್ನು ಕಲಿಯದವಳು ಕ್ರೈಸ್ತಳಾದದ್ದು ಹೇಗೆ ಎಂಬುದು ಅವರ ಆಕ್ಷೇಪದ ತಿರುಳು. 1885ರಲ್ಲಿ ಚೆಲ್ಟನ್‌ಹ್ಯಾಮಿನಿಂದ ಬರೆದ ಪತ್ರಗಳಲ್ಲಿ ರಮಾಬಾಯಿಯವರು ಇದಕ್ಕೆ ಉತ್ತರ ಕೊಟ್ಟರು. ಉತ್ತರದ ಧಾಟಿ ಮೊನಚಾದುದು. ತನ್ನ ಬಟ್ಟಲಿನ ಹಾಲಿನಲ್ಲಿ, ಕಾಲಿನ ಪಾದರಕ್ಷೆಯಲ್ಲಿ, ಚಳಿಗೆ ಉರಿಸುವ ಕಲ್ಲಿದ್ದಲಿನಲ್ಲಿ ಕೂಡ ಗರ್ವವನ್ನು ಹುಡುಕುವವರು ಧಾರಾಳವಾಗಿ ಹುಡುಕಿಕೊಳ್ಳಲಿ ಎಂದು ಆರಂಭಿಸಿ, ಜಾತಿಯ ಸಂಸ್ಕಾರಗಳಿಂದ ತಾನು ಪೂರ್ಣವಾಗಿ ಬಿಡುಗಡೆ ಹೊಂದಿಲ್ಲವೆಂಬುದನ್ನು ಒಪ್ಪಿಕೊಂಡರು. ಮುಂದೆ ಕೇಳಿದ್ದು ಒಂದು ಪ್ರಶ್ನೆ. ಹಿಂದೂಗಳ ನಡುವೆ ಬಂದು ವಾಸಿಸುವ ಇಂಗ್ಲಿಷ್ ಮಹಿಳೆ, ಯಾರಿಗೂ ಕೇಡಾಗದ ತನ್ನ ರೂಢಿಗಳನ್ನು ಉಳಿಸಿಕೊಂಡರೆ ಅವಳನ್ನು ಗರ್ವಿಷ್ಠೆಯೆನ್ನುವುದುಂಟೆ? ಉಂಟೆಂದು ಹೇಳಲು ಸಿಸ್ಟರ್ ಜೆರಾಲ್ಡಿನ್ ಅವರಿಗೆ ಸಾಧ್ಯವಿರಲಿಲ್ಲ. ಮುಂಬಯಿ, ಪುಣೆಗಳ ಇಂಗ್ಲಿಷರು ತಮ್ಮ ಊಟದ ಮೇಜನ್ನು ಹಡಗಿನಲ್ಲಿಯೇ ಹೊತ್ತು ತಂದವರಾಗಿದ್ದರು.

ಈ ವಾದವನ್ನು ಒಪ್ಪುವಲ್ಲಿ ನಮಗೆ ತೊಡಕಿಲ್ಲವೆಂದಲ್ಲ. ಸಸ್ಯಾಹಾರವು ನಮ್ಮ ಸಮಾಜದಲ್ಲಿ ಬರಿಯ ರುಚಿಯ ವಿಷಯವಲ್ಲ. ಅದು ಮೇಲುಕೀಳನ್ನು ಅಳೆಯುವ ಕೋಲೂ ಆಗಿದೆ. ಆದರೆ ಜಾತಿಯ ಊಟದ ನಿಯಮವು ಮುಖ್ಯವಾಗಿ ಯಾರು ಬೇಯಿಸಿದರು, ಯಾರ ಪಂಕ್ತಿಯಲ್ಲಿ ಕುಳಿತರು ಎಂಬುದನ್ನು ನೋಡುತ್ತದೆಂಬುದನ್ನು ಮರೆಯಬಾರದು. ಅನ್ಯಜಾತಿಯವರನ್ನು ಮದುವೆಯಾಗಿ, ಕಡಲು ದಾಟಿ, ಪರಮತವನ್ನು ಸ್ವೀಕರಿಸಿ, ಪರಕೀಯರ ಅಡುಗೆಮನೆಯ ಅನ್ನವನ್ನು ಉಂಡ ರಮಾಬಾಯಿಯವರಲ್ಲಿ ಆ ನಿಯಮ ಆ ವೇಳೆಗೆ ಬಿದ್ದುಹೋಗಿತ್ತು. ಉಳಿದದ್ದು ತಟ್ಟೆಯಲ್ಲಿ ಏನಿದೆ ಎಂಬ ಒಂದೇ ವಿಚಾರ. ಮಠದಿಂದ ಪಡೆದ ಶಿಲುಬೆಯ ಮೇಲೆ ಲ್ಯಾಟಿನ್ ಬರಹವೇಕೆ, ಸಂಸ್ಕೃತವೇಕೆ ಕೂಡದು ಎಂದು ಅವರು ವಾದಿಸಿದ್ದನ್ನೂ ಇದರೊಂದಿಗೆ ಇಟ್ಟು ನೋಡಬೇಕು. ಮತವನ್ನು ಬದಲಿಸಿದವಳು ನಾಲಗೆಯನ್ನೂ ಬದಲಿಸಲೇಬೇಕೆಂಬ ಕಟ್ಟಾಜ್ಞೆಯನ್ನು ಅವರು ಎರಡೂ ಅರ್ಥಗಳಲ್ಲಿ ತಿರಸ್ಕರಿಸಿದರು. ಮನೆ, ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಜೊತೆಗೆ ಬಂದ ಗೆಳತಿ, ಹುಟ್ಟಿದ ಧರ್ಮ ಇವಿಷ್ಟನ್ನೂ ಇಪ್ಪತ್ತೇಳರ ಒಳಗೆ ಕಳೆದುಕೊಂಡವರಿಗೆ ಲಕ್ಷ್ಮೀಬಾಯಿಯ ಒಲೆಯ ಕಟ್ಟಳೆಯೊಂದೇ ಕೈಯಲ್ಲಿ ಉಳಿದ ಗಂಟು. ಅದನ್ನು ಗರ್ವವೆನ್ನಲು ಈ ಲೇಖಕನಿಗೆ ಮನಸ್ಸು ಬಾರದು.

ಪುಣೆಯಲ್ಲಿರುವ ಕನ್ನಡಿಗರಿಗೆ ಈ ಇಕ್ಕಟ್ಟನ್ನು ಊಹಿಸುವುದು ಸ್ವಲ್ಪ ಕಷ್ಟವೇ. ನಮ್ಮ ಬಿಬವೇವಾಡಿಯಲ್ಲಿ ಕೊಠಡಿ ಹಿಡಿದು ಓದುವ ಬೆಳಗಾವಿ, ಕಲಬುರಗಿ ಕಡೆಯ ಹುಡುಗರಿಗೆ ಭಾಕರಿಯ ಹೆಸರಿನಲ್ಲಿ ಜೋಳದ ರೊಟ್ಟಿ ಸಿಗುತ್ತದೆ. ಜೋಳವೋ ಸಜ್ಜೆಯೋ ಬೇಕಾದರೆ ಪಕ್ಕದ ಮಾರ್ಕೆಟ್ ಯಾರ್ಡಿದೆ. ಗುರೆಳ್ಳಿನ ಚಟ್ನಿಪುಡಿ, ಶೇಂಗಾದ ಪುಡಿಗಳು ಊರಿನಿಂದ ಬರುವವರ ಚೀಲದಲ್ಲಿ ಬಂದೇ ಬರುತ್ತವೆ. ಸಾರು ಮಾತ್ರ ನಮ್ಮ ಸಾರಿನಂತಿಲ್ಲವೆಂಬುದು ಅವರ ದೂರು. 1885ರ ಚೆಲ್ಟನ್‌ಹ್ಯಾಮಿನಲ್ಲಿ ಅನ್ನ, ಹಾಲು, ಬೆಣ್ಣೆಗಳು ಇದ್ದುವು. ಅವುಗಳನ್ನು ತನ್ನವೆಂದುಕೊಳ್ಳುವ ಹಕ್ಕನ್ನು ಕಾಗದ ಬರೆದು ಸಾಧಿಸಬೇಕಾಗಿತ್ತು.

ಈ ಪತ್ರಗಳು ನಮಗೆ ದೊರೆತ ಬಗೆಯೂ ಸ್ವಾರಸ್ಯವಾಗಿದೆ. ಶಿಷ್ಯೆಯ ಹಟದಿಂದ ನೊಂದ ಸಿಸ್ಟರ್ ಜೆರಾಲ್ಡಿನ್ ಅವರೇ ಅವುಗಳನ್ನು ಜೋಪಾನವಾಗಿ ಸಂಗ್ರಹಿಸಿಟ್ಟರು. 1977ರಲ್ಲಿ ಎ.ಬಿ. ಶಹಾ ಅವರ ಸಂಪಾದಕತ್ವದಲ್ಲಿ ಮಹಾರಾಷ್ಟ್ರ ರಾಜ್ಯದ ಸಾಹಿತ್ಯ ಸಂಸ್ಕೃತಿ ಮಂಡಳವು ಅವನ್ನು ಪ್ರಕಟಿಸಿತು. ತನ್ನ ಮೇಲಿನ ಆಕ್ಷೇಪಗಳನ್ನೂ ಕಾಯ್ದಿಟ್ಟ ಆ ಸಂನ್ಯಾಸಿನಿಯ ಪ್ರಾಮಾಣಿಕತೆಗೆ ಸಂಶೋಧಕರು ಋಣಿಗಳಾಗಿರಬೇಕು.

1886ರ ಆರಂಭದಲ್ಲಿ ರಮಾಬಾಯಿಯವರು ಅಮೆರಿಕೆಗೆ ಹೋದದ್ದಕ್ಕೆ ನಿಮಿತ್ತ ದೂರದ ಬಂಧುವಾದ ಆನಂದಿಬಾಯಿ ಜೋಶಿಯವರ ಪದವಿಪ್ರದಾನ. ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ 11 ಮಾರ್ಚ್ 1886ರಂದು ಆ ಸಮಾರಂಭ ನಡೆಯಿತು. ಆನಂದಿಬಾಯಿಯವರೂ ಮೂರು ವರ್ಷ ಸಸ್ಯಾಹಾರವನ್ನೂ ಸೀರೆಯನ್ನೂ ಬಿಡದೆ ಅಮೆರಿಕೆಯ ಚಳಿಯಲ್ಲಿ ಓದಿದವರು. ನ್ಯೂಜೆರ್ಸಿಯ ರೋಸೆಲ್ ಎಂಬಲ್ಲಿಯ ಕಾರ್ಪೆಂಟರ್ ಕುಟುಂಬದ ಅಕ್ಕರೆಯ ಆತಿಥ್ಯ ಅವರಿಗೆ ಒದಗಿತ್ತು. ರಮಾಬಾಯಿಯವರಂತೆ ಅವರು ತಟ್ಟೆಗಾಗಿ ವಾದಿಸಬೇಕಾಗಲಿಲ್ಲ. ಆದರೆ ದೇಹ ತಡೆಯಲಿಲ್ಲ. ಕೊಲ್ಹಾಪುರದ ಆಸ್ಪತ್ರೆಯ ಸ್ತ್ರೀವಿಭಾಗಕ್ಕೆ ವೈದ್ಯೆಯಾಗಿ ನೇಮಕಗೊಂಡು ಮರಳಿದ ಅವರು, ಆ ಕೆಲಸವನ್ನು ಮಾಡುವ ಮೊದಲೇ, ಕ್ಷಯದಿಂದ 26 ಫೆಬ್ರವರಿ 1887ರಂದು ಪುಣೆಯಲ್ಲಿ ತೀರಿಕೊಂಡರು. ಆಗ ಅವರಿಗೆ ಇಪ್ಪತ್ತೆರಡು ತುಂಬಿರಲಿಲ್ಲ. ಹೊರನಾಡಿನ ಊಟ, ಚಳಿಗಳು ಈ ಸಾವಿಗೆ ಎಷ್ಟರಮಟ್ಟಿಗೆ ಕಾರಣವೆಂಬ ಚರ್ಚೆಯಲ್ಲಿ ಹುರುಳಿಲ್ಲ. ಅಂದು ಕ್ಷಯಕ್ಕೆ ಎಲ್ಲಿಯೂ ಮದ್ದಿರಲಿಲ್ಲ.

ರಮಾಬಾಯಿಯವರು ಅಮೆರಿಕೆಯಲ್ಲಿಯೇ ಉಳಿದು ಶಿಶುಶಿಕ್ಷಣ ಪದ್ಧತಿಯನ್ನು ಅಭ್ಯಾಸಮಾಡಿದರು. ಮೇಲ್ಜಾತಿಯ ಹಿಂದೂ ಸ್ತ್ರೀಯನ್ನು ಕುರಿತ ಅವರ ಪ್ರಸಿದ್ಧ ಇಂಗ್ಲಿಷ್ ಗ್ರಂಥವು 1887ರಲ್ಲಿ ಫಿಲಡೆಲ್ಫಿಯಾದಲ್ಲಿ ಹೊರಬಂತು. ಅದಕ್ಕೆ ಪ್ರಸ್ತಾವನೆಯನ್ನು ಬರೆದವರು ವೈದ್ಯಕೀಯ ಕಾಲೇಜಿನ ಮುಖ್ಯಸ್ಥೆ ರೇಚಲ್ ಬಾಡ್ಲಿ; ಅರ್ಪಣೆಯಾದದ್ದು ತಾಯಿ ಲಕ್ಷ್ಮೀಬಾಯಿಯ ನೆನಪಿಗೆ. ಬಾಸ್ಟನ್ನಿನಲ್ಲಿ ಸ್ಥಾಪಿತವಾದ ರಮಾಬಾಯಿ ಸಂಘವು ಹತ್ತು ವರ್ಷ ನೆರವು ನೀಡುವ ಭರವಸೆಯಿತ್ತಿತು.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ಆರಂಭವಾಯಿತು. ಮುಂದಿನ ವರ್ಷ ಅದು ಪುಣೆಗೆ ಬಂತು. ಬಾಲವಿಧವೆಯರಿಗಾಗಿ ತೆರೆದ ಈ ಶಾಲೆಯಲ್ಲಿ ಹುಡುಗಿಯರು ತಮ್ಮ ತಮ್ಮ ಆಚಾರದಂತೆ ಊಟಮಾಡಲು ಅವಕಾಶವಿತ್ತು. ಚೆಲ್ಟನ್‌ಹ್ಯಾಮಿನಲ್ಲಿ ತನಗಾಗಿ ಕೇಳಿದ್ದನ್ನು ಅವರು ಇಲ್ಲಿ, ತನ್ನ ಮತಕ್ಕೆ ಸೇರದ ಮಕ್ಕಳಿಗೆ, ಕೇಳುವ ಮೊದಲೇ ಕೊಟ್ಟರು. ಇಷ್ಟಾದರೂ 1893ರಲ್ಲಿ ಹುಡುಗಿಯರು ಅವರ ಪ್ರಾರ್ಥನೆಯಲ್ಲಿ ಸೇರುತ್ತಿದ್ದಾರೆಂಬ ಕಾರಣಕ್ಕೆ ವಿವಾದವೆದ್ದು, ರಾನಡೆ, ಭಾಂಡಾರಕರ ಮೊದಲಾದವರು ಸಲಹಾ ಮಂಡಳಿಯಿಂದ ಹೊರನಡೆದರು. ತಿಲಕರ ಕೇಸರಿ ಪತ್ರಿಕೆಯ ಟೀಕೆ ತೀಕ್ಷ್ಣವಾಗಿತ್ತು. ಇಂಗ್ಲೆಂಡಿನಲ್ಲಿ ಹಿಂದುವಾಗಿ ಉಳಿದಳೆಂಬ ದೂರು, ಪುಣೆಯಲ್ಲಿ ಕ್ರೈಸ್ತಳೆಂಬ ದೂರು. ಎರಡಕ್ಕೂ ಅವರು ಜಗ್ಗಿದವರಲ್ಲ.

1896-97ರಲ್ಲಿ ಮಧ್ಯಪ್ರಾಂತಗಳಲ್ಲಿ ಕ್ಷಾಮವೆಂಬ ಸುದ್ದಿ ಬಂದಾಗ ಹಳೆಯ ಕಾಡು ಅವರ ಕಣ್ಣಮುಂದೆ ನಿಂತಿರಬೇಕು. ತಾವೇ ಹೋಗಿ ಪರಿಹಾರಕೇಂದ್ರಗಳನ್ನು ಸುತ್ತಿ ನೂರಾರು ಹುಡುಗಿಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗಿನ ನಿರ್ಬಂಧವಿದ್ದುದರಿಂದ ಅವರನ್ನು ಪೂರ್ವಕ್ಕೆ ಐವತ್ತರವತ್ತು ಕಿಲೋಮೀಟರಿನಾಚೆ, ಸೊಲ್ಲಾಪುರದ ರೈಲುದಾರಿಯಲ್ಲಿರುವ ಕೇಡಗಾಂವಿನ ಹೊಲದಲ್ಲಿ ಡೇರೆ ಹಾಕಿ ಇರಿಸಿದರು. ಅದೇ ಮುಂದೆ ಮುಕ್ತಿ ಸದನವಾಯಿತು. 1900ರ ವೇಳೆಗೆ ಅಲ್ಲಿ ಸುಮಾರು ಒಂದೂವರೆ ಸಾವಿರ ಜನ, ನೂರಕ್ಕೂ ಮಿಕ್ಕಿ ದನಕರುಗಳು. ಬಾವಿ ತೋಡಿಸಿದರು, ಹಣ್ಣಿನ ತೋಟ ಹಾಕಿಸಿದರು. ಗಾಣ, ಹೈನು, ಮಗ್ಗ, ಅಚ್ಚುಕೂಟಗಳು ಬಂದವು. ಎಲ್ಲವನ್ನೂ ನಡೆಸಿದವರು ಹೆಣ್ಣುಮಕ್ಕಳೇ. ಬಹುಕಾಲ ಉಪವಾಸ ಬಿದ್ದ ಮಗುವಿಗೆ ಒಮ್ಮೆಲೇ ಹೊಟ್ಟೆತುಂಬ ಇಕ್ಕಬಾರದು, ಎಷ್ಟು ಕೊಟ್ಟರೂ ಅದರ ಕಣ್ಣಿನ ಹಸಿವು ತಿಂಗಳುಗಟ್ಟಲೆ ಇಂಗುವುದಿಲ್ಲ. ಇದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಮಗಳು ಮನೋರಮಾ ತಾಯಿಯ ಕೆಲಸದಲ್ಲಿ ಸರಿಸಮನಾಗಿ ದುಡಿದರು. 1912ರಲ್ಲಿ ತಾಯಿಯ ನೆರವಿನಿಂದ ಅವರು ಶಾಲೆಯೊಂದನ್ನು ಆರಂಭಿಸಿದ್ದು ಅಂದು ನಿಜಾಮರ ಸೀಮೆಯಲ್ಲಿದ್ದ ಗುಲ್ಬರ್ಗದಲ್ಲಿ. ಗಂಗಾಮೂಲದಿಂದ ಬೆತ್ತದ ಪೆಟ್ಟಿಗೆಯಲ್ಲಿ ಹೊರಟ ಸಂಸಾರ ಅರ್ಧಶತಮಾನದ ಮೇಲೆ ಹೀಗೆ ಕನ್ನಡ ನಾಡಿಗೆ ಮರಳಿತು. ಮನೋರಮಾ 1921ರ ಜುಲೈಯಲ್ಲಿ ತೀರಿಕೊಂಡರು. ಹೀಬ್ರೂ, ಗ್ರೀಕ್ ಮೂಲಗಳಿಂದ ಬೈಬಲನ್ನು ಸರಳ ಮರಾಠಿಗೆ ತರುವ ಕಾರ್ಯದಲ್ಲಿ ವರ್ಷಗಟ್ಟಲೆ ತೊಡಗಿದ್ದ ರಮಾಬಾಯಿಯವರು 5 ಏಪ್ರಿಲ್ 1922ರಂದು ಕೇಡಗಾಂವಿನಲ್ಲಿ ಕಣ್ಣು ಮುಚ್ಚಿದರು. ಅನುವಾದವು ಮುಕ್ತಿ ಸದನದ ಅಚ್ಚುಕೂಟದಿಂದ, ಅಲ್ಲಿಯ ಹೆಣ್ಣುಮಕ್ಕಳೇ ಮೊಳೆ ಜೋಡಿಸಿ ಮುದ್ರಿಸಿದ ಗ್ರಂಥವಾಗಿ, 1924ರಲ್ಲಿ ಪ್ರಕಟವಾಯಿತು.